ಒಪ್ಪಿಗೆಯ ಗುಂಡಿ ಮತ್ತು ಗ್ರಾಹಕರ ಹಕ್ಕು

ಟೆಕ್ ಕಂಪನಿಗಳ ಬಗ್ಗೆ ನಮ್ಮ ಜನರಲ್ಲಿ ಎರಡು ಮಾತು ಬೇರೂರಿವೆ. ‘ಕಂಪನಿ ಅವರದ್ದು, ರೂಲ್ಸೂ ಅವರದ್ದೇ, ಬೇಕಿದ್ದರೆ ಬಳಸು, ಇಲ್ಲದಿದ್ದರೆ ಬಿಡು’ ಎನ್ನುವುದು ಒಂದು. ‘ಅಷ್ಟು ದೊಡ್ಡವರ ಮೇಲೆ ಕೇಸು ಹಾಕಿ ಗೆಲ್ಲೋಕಾಗುತ್ತಾ?’ ಎನ್ನುವುದು ಇನ್ನೊಂದು. ಭಾರತದ ಗ್ರಾಹಕ ಕಾನೂನು ಕಳೆದ ನಾಲ್ಕು ದಶಕಗಳಲ್ಲಿ ಈ ಎರಡನ್ನೂ ಹಂತಹಂತವಾಗಿ ಸುಳ್ಳು ಮಾಡುತ್ತ ಬಂದಿದೆ. ಆ ಕೆಲಸದಲ್ಲಿ ದೂರು ಕೊಟ್ಟ, ಅರ್ಜಿ ಹಾಕಿದ, ಇಮೇಲ್ ಬರೆದ ಸಾಮಾನ್ಯರ ಪಾಲು ಬಹಳ ದೊಡ್ಡದು.

ಟೆಲಿಫೋನಿನಿಂದ ಶುರುವಾದದ್ದು

1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಕೀಲರ ಹಂಗಿಲ್ಲದೆ ದೂರು ಕೊಡುವ ದಾರಿಯನ್ನು ಜಿಲ್ಲಾ ಮಟ್ಟಕ್ಕೆ ತಂದಿತು. ಆಗ ಮನೆಮಂದಿಗೆ ಗೊತ್ತಿದ್ದ ತಂತ್ರಜ್ಞಾನ ಸೇವೆ ಎಂದರೆ ಟೆಲಿಫೋನು. ಬಿಲ್ಲಿನ ತಕರಾರುಗಳು ಗ್ರಾಹಕ ವೇದಿಕೆಗಳಿಗೆ ಬಂದವು. ಆದರೆ 2009ರಲ್ಲಿ ಸುಪ್ರೀಂ ಕೋರ್ಟ್, ಟೆಲಿಫೋನ್ ಬಿಲ್ಲಿನ ವ್ಯಾಜ್ಯಕ್ಕೆ 1885ರ ಟೆಲಿಗ್ರಾಫ್ ಕಾಯ್ದೆಯಲ್ಲೇ ಮಧ್ಯಸ್ಥಿಕೆಯ ವ್ಯವಸ್ಥೆಯಿದೆ, ಗ್ರಾಹಕ ವೇದಿಕೆಗೆ ಹೋಗುವಂತಿಲ್ಲ ಎಂದಿತು. ಮೊಬೈಲ್ ಹಳ್ಳಿಹಳ್ಳಿಗೂ ತಲುಪುತ್ತಿದ್ದ ಕಾಲದಲ್ಲೇ ಮೊಬೈಲ್ ಗ್ರಾಹಕರಿಗೆ ಬಾಗಿಲು ಮುಚ್ಚಿದಂತಾಯಿತು. ಅದು ಪೂರ್ತಿಯಾಗಿ ತೆರೆದದ್ದು 2022ರ ಫೆಬ್ರವರಿಯಲ್ಲಿ. ಅಜಯ್ ಕುಮಾರ್ ಅಗರ್‌ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಟೆಲಿಕಾಂ ಕಂಪನಿಗಳ ವಿರುದ್ಧದ ದೂರನ್ನು ಗ್ರಾಹಕ ಆಯೋಗಗಳು ಕೇಳಬಹುದು ಎಂದು ಸ್ಪಷ್ಟಪಡಿಸಿತು. ಒಬ್ಬ ಗ್ರಾಹಕರು ತಮ್ಮ ಮೊಬೈಲ್ ಬಿಲ್ ಹೆಚ್ಚು ಬಂದಿದೆ ಎಂದು ಜಿಲ್ಲಾ ವೇದಿಕೆಯಲ್ಲಿ ಹಾಕಿದ ದೂರು ಇಡೀ ದೇಶದ ಗ್ರಾಹಕರಿಗೆ ದಾರಿ ಮಾಡಿಕೊಟ್ಟಿತು.

ಇಮೇಲುಗಳು ಬರೆಸಿದ ಕಾನೂನು

2015ರ ಮಾರ್ಚ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಸಮಾಲೋಚನಾ ಪತ್ರವೊಂದನ್ನು ಹೊರಡಿಸಿತು. ಇಂಟರ್ನೆಟ್ಟಿನ ಒಂದೊಂದು ಸೇವೆಗೆ ಒಂದೊಂದು ದರ ಹಾಕಬಹುದೇ ಎಂಬುದು ಅದರಲ್ಲಿದ್ದ ಮುಖ್ಯ ಪ್ರಶ್ನೆಗಳಲ್ಲೊಂದು. ಇಂಥ ಪತ್ರಗಳಿಗೆ ಸಾಮಾನ್ಯವಾಗಿ ಉತ್ತರಿಸುವವರು ಕಂಪನಿಗಳು ಮತ್ತು ವಕೀಲರು. ಈ ಸಲ ವಿದ್ಯಾರ್ಥಿಗಳು, ನೌಕರರು, ಇಂಜಿನಿಯರುಗಳು ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಕಳಿಸಿದರು. ಫೇಸ್‌ಬುಕ್ ತಾನು ಆಯ್ದ ತಾಣಗಳನ್ನು ಮಾತ್ರ ಉಚಿತವಾಗಿ ಕೊಡುವ ‘ಫ್ರೀ ಬೇಸಿಕ್ಸ್’ ಯೋಜನೆಯ ಪರವಾಗಿ ಭಾರಿ ಪ್ರಚಾರ ನಡೆಸಿತು. ಆದರೂ 2016ರ ಫೆಬ್ರವರಿ 8ರಂದು ಟ್ರಾಯ್ ತಾರತಮ್ಯದ ಡೇಟಾ ದರಗಳನ್ನು ನಿಷೇಧಿಸಿತು. ನೆಟ್ಟಿಗರ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎನ್ನುವವರು ಈ ಪ್ರಸಂಗವನ್ನು ನೆನಪಿಡಬೇಕು.

ಪೇಟೆ ಪರದೆಗೆ ಬಂದಾಗ

ಆನ್‌ಲೈನ್ ವ್ಯಾಪಾರ ಬೆಳೆದಂತೆ ಹೊಸ ತಕರಾರುಗಳು ಹುಟ್ಟಿದವು. ವಸ್ತು ಕೆಟ್ಟು ಬಂದರೆ ‘ನಾವು ಮಾರಾಟಗಾರರಲ್ಲ, ಬರೀ ವೇದಿಕೆ’ ಎಂದು ಕಂಪನಿ ಕೈ ತೊಳೆದುಕೊಳ್ಳುತ್ತಿತ್ತು. ದೂರು ಕೊಡಲು ಎಲ್ಲಿಗೆ ಹೋಗಬೇಕು ಎಂಬುದೇ ಗೊಂದಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಇದಕ್ಕೆ ನೇರ ಉತ್ತರ ಕೊಟ್ಟಿತು: ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ಕೊಪ್ಪಳದವರು ಕೊಪ್ಪಳದಲ್ಲೇ ಕೇಸು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದೇ ತಿಂಗಳು ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ, ಪ್ರತಿ ವೇದಿಕೆಗೂ ಕುಂದುಕೊರತೆ ಅಧಿಕಾರಿ ಇರಬೇಕು. ಅವರು ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಆದರೆ ಮೋಸ ಮಾಲಿನಲ್ಲಷ್ಟೇ ಅಲ್ಲ, ಪರದೆಯ ವಿನ್ಯಾಸದಲ್ಲೂ ಇರುತ್ತದೆ. ಟಿಕೆಟ್ ಬುಕ್ ಮಾಡುವ ಆ್ಯಪೊಂದನ್ನು ತೆರೆದು ನೋಡಿ. ಸೀಟು ಆರಿಸಿ ಮುಂದೆ ಹೋದರೆ, ನೀವು ಕೇಳದಿದ್ದ ವಿಮೆಯ ಮುಂದೆ ಟಿಕ್ ಗುರುತು ಮೊದಲೇ ಬಿದ್ದಿರುತ್ತದೆ. ಅದನ್ನು ತೆಗೆಯಹೊರಟರೆ ‘ಬೇಡ, ರಕ್ಷಣೆಯಿಲ್ಲದೇ ಪ್ರಯಾಣಿಸುತ್ತೇನೆ’ ಎಂದು ನಿಮ್ಮ ಬಾಯಿಂದಲೇ ಹೇಳಿಸುವ ಒಂದು ಗುಂಡಿ. ಪಕ್ಕದಲ್ಲಿ ‘ಇನ್ನು ಎರಡೇ ಸೀಟು’ ಎಂಬ ಕೆಂಪಕ್ಷರ. ಹಣ ಕಟ್ಟುವ ಪುಟಕ್ಕೆ ಬಂದಾಗ ಮೊದಲು ತೋರಿಸದ ಶುಲ್ಕವೊಂದು ಮೊತ್ತಕ್ಕೆ ಸೇರಿರುತ್ತದೆ. ಇಂಥವನ್ನು ‘ಡಾರ್ಕ್ ಪ್ಯಾಟರ್ನ್’ ಎನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ನಾಚಿಕೆಪಡಿಸಿ ಒಪ್ಪಿಸುವುದು, ಸುಳ್ಳು ಅವಸರ ಹುಟ್ಟಿಸುವುದು, ಸದಸ್ಯತ್ವ ರದ್ದು ಮಾಡುವ ದಾರಿಯನ್ನು ಬಚ್ಚಿಡುವುದು ಎಲ್ಲವೂ ಪಟ್ಟಿಯಲ್ಲಿವೆ. ‘ನೀನೇ ತಾನೆ ಕ್ಲಿಕ್ ಮಾಡಿದ್ದು’ ಎಂದು ಗ್ರಾಹಕರ ಮೇಲೆ ತಪ್ಪು ಹೊರಿಸುವ ವಾದಕ್ಕೆ ಕಾನೂನು ಇಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಅಡ್ಡ ನಿಂತಿತು.

ದುಡ್ಡು ಕೊಡದವರೂ ಗ್ರಾಹಕರೇ?

ಇಷ್ಟಾದರೂ ಒಂದು ದೊಡ್ಡ ಕಂದಕ ಹಾಗೇ ಉಳಿದಿದೆ. ಉಚಿತ ಸೇವೆಯನ್ನು 2019ರ ಕಾಯ್ದೆಯೂ ‘ಸೇವೆ’ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನಾವು ದಿನವಿಡೀ ಬಳಸುವ ಹುಡುಕಾಟ, ಮೆಸೇಜು, ನಕ್ಷೆಗಳಿಗೆ ದುಡ್ಡು ಕೊಡುವುದಿಲ್ಲ; ನಮ್ಮ ಮಾಹಿತಿಯನ್ನು ಕೊಡುತ್ತೇವೆ. ಅದನ್ನು ಬೆಲೆಯೆಂದು ಗ್ರಾಹಕ ಕಾನೂನು ಇನ್ನೂ ಬಾಯಿಬಿಟ್ಟು ಹೇಳಿಲ್ಲ.

ಈ ಕಂದಕಕ್ಕೆ ಎರಡು ಕಡೆಯಿಂದ ಸೇತುವೆ ಕಟ್ಟುವ ಕೆಲಸ ನಡೆದಿದೆ. ಒಂದು ಕಡೆ ಸ್ಪರ್ಧಾ ಆಯೋಗ. ಆಂಡ್ರಾಯ್ಡ್ ಮೇಲಿನ ಹಿಡಿತದ ದುರ್ಬಳಕೆಗಾಗಿ ಅದು 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ‘ಒಪ್ಪು, ಇಲ್ಲವೇ ಬಿಡು’ ಎಂಬ ಧಾಟಿಯ ವಾಟ್ಸ್ಆ್ಯಪ್‌ನ 2021ರ ಖಾಸಗಿತನ ನೀತಿಗಾಗಿ 2024ರ ನವೆಂಬರ್‌ನಲ್ಲಿ ಮೆಟಾ ಕಂಪನಿಗೆ 213.14 ಕೋಟಿ ದಂಡ ವಿಧಿಸಿತು. ಬೇರೆ ದಾರಿಯಿಲ್ಲದವರ ಒಪ್ಪಿಗೆ ಒಪ್ಪಿಗೆಯಲ್ಲ ಎಂಬ ತತ್ತ್ವ ಇದರಿಂದ ಬಲಗೊಂಡಿತು.

ಇನ್ನೊಂದು ಕಡೆ ಸಂವಿಧಾನ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆ ತೀರ್ಪಿನ ಬೆನ್ನಿಗೇ ಡಿಜಿಟಲ್ ಮಾಹಿತಿ ರಕ್ಷಣೆಯ ಕಾನೂನಿನ ಚರ್ಚೆ ಬಿರುಸಾಗಿ, 2023ರಲ್ಲಿ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ನಿಯಮಗಳು ಹೊರಬಂದವು. ಮಾಹಿತಿ ಕಾಪಾಡದ ಕಂಪನಿಗೆ 250 ಕೋಟಿವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ.

ಆದರೆ ಆ ದಂಡ ಸೇರುವುದು ಸರ್ಕಾರದ ಖಜಾನೆಗೆ. ಮಾಹಿತಿ ಸೋರಿ ನಷ್ಟವಾದವರಿಗೆ ಪರಿಹಾರ ಕೊಡಿಸುವ ಐಟಿ ಕಾಯ್ದೆಯ 43ಎ ಸೆಕ್ಷನ್ನನ್ನೇ ಈ ಕಾಯ್ದೆ ರದ್ದು ಮಾಡುತ್ತದೆ. ಇದು ದೊಡ್ಡ ಅನ್ಯಾಯ. ಪೆಟ್ಟು ತಿಂದವರೊಬ್ಬರು, ದುಡ್ಡು ಪಡೆಯುವವರು ಇನ್ನೊಬ್ಬರು ಎಂದಾದರೆ ದೂರು ಕೊಡುವ ಉತ್ಸಾಹ ಯಾರಿಗೆ ಉಳಿದೀತು?

ಆಗಬೇಕಾದದ್ದು

ಮಾಹಿತಿ ಕೊಟ್ಟು ಸೇವೆ ಪಡೆಯುವವರನ್ನೂ ಗ್ರಾಹಕರೆಂದು ಕಾನೂನು ಒಪ್ಪಬೇಕು. ಸೋರಿಕೆಯಿಂದ ನಷ್ಟವಾದವರ ಕೈಗೇ ಪರಿಹಾರ ಸಿಗಬೇಕು. ಅನ್ಯಾಯದ ಕರಾರುಗಳ ವಿರುದ್ಧ ಇವತ್ತು ರಾಜ್ಯ ಆಯೋಗಕ್ಕೇ ಹೋಗಬೇಕು. ಆ ಅಧಿಕಾರವನ್ನು ಜಿಲ್ಲೆಗೂ ಕೊಡಬೇಕು. ಒಪ್ಪಿಗೆ ಕೇಳುವ ಪುಟ ಕನ್ನಡದಲ್ಲಿರಬೇಕು ಎಂದು ಒತ್ತಾಯಿಸುವ ಹೊಣೆ ನಮ್ಮದೂ ಹೌದು. 2023ರ ಕಾಯ್ದೆ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಅದನ್ನು ಓದುವ ಆಯ್ಕೆಯನ್ನು ಕೊಟ್ಟಿದೆ.

ಇವೆಲ್ಲ ತಾವಾಗಿ ಬರುವುದಿಲ್ಲ. ಬಿಲ್ಲು, ಸ್ಕ್ರೀನ್‌ಶಾಟು, ಕಂಪನಿಯ ಉತ್ತರ ಮೂರನ್ನೂ ಉಳಿಸಿಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಆಗದಿದ್ದರೆ ಇ-ಜಾಗೃತಿ ತಾಣದಲ್ಲಿ ಆಯೋಗಕ್ಕೆ ದೂರು ಸಲ್ಲಿಸಿ. ಇನ್ನೂರು ರೂಪಾಯಿಯ ತಕರಾರಿಗೆ ಇಷ್ಟು ಕಷ್ಟ ಯಾಕೆ ಎನ್ನಬೇಡಿ. ಮುಂದಿನ ಕಾನೂನಿಗೆ ಬೇಕಾದ ಪುರಾವೆ ಇಂಥ ದೂರುಗಳಿಂದಲೇ ಒಟ್ಟಾಗಬೇಕು.