ಮುಖಭಂಗದಲ್ಲಿ ಮುರಿಯುವುದೇನು?

ಮದುವೆ ಹಾಲಿನಲ್ಲಿ ಊರಿನ ಹಳೆಯ ಗೆಳೆಯ ಕಾಣಿಸಿದ. ನೀವು ನಗುತ್ತಾ ಕೈ ಎತ್ತಿದಿರಿ. ಅವನು ನೋಡಿದ, ನೋಡಿಯೂ ಪಕ್ಕದವರತ್ತ ತಿರುಗಿದ. ಎತ್ತಿದ ಕೈಯಿಂದ ಸುಮ್ಮನೆ ತಲೆ ಕೆರೆದುಕೊಂಡಿರಿ. ಬೈಗುಳವಿಲ್ಲ, ಜಗಳವಿಲ್ಲ, ಆದರೂ ಏನೋ ಮುರಿಯಿತು. ಅದೇ ಮುಖಭಂಗ.

ಸಂಸ್ಕೃತದ 'ಭಂಗ' ಎಂದರೆ ಮುರಿಯುವುದು. ತಪೋಭಂಗ, ನಿದ್ರಾಭಂಗ, ಭಾಸನ ನಾಟಕ 'ಊರುಭಂಗ' ಎಲ್ಲ ಇದೇ ಕುಲದವು. ನಿಮ್ಮ ತುಳು ಸ್ನೇಹಿತರನ್ನು ಕೇಳಿ, ಅವರಿಗೆ 'ಬಂಗ' ಎಂದರೆ ಕಷ್ಟ. ಹೈದರಾಬಾದಿನವರಿಗೆ ತೆಲುಗಿನ 'ಭಂಗಪಾಟು' ಕಿವಿಗೆ ಬಿದ್ದೇ ಇರುತ್ತದೆ. ಚೆನ್ನೈಯಲ್ಲಿ 'ಮೂಕ್ಕುಡೈಪ್ಪು', ಅಂದರೆ ಮೂಗು ಒಡೆಯುವುದು. ಪೂರ್ತಿ ಮುಖ ಬೇಕಿಲ್ಲ, ಅವರಿಗೆ ಮೂಗೇ ಸಾಕು!

ನಮ್ಮದೇ ಆದ 'ಕಡೆಗಣಿಸು' ಇನ್ನೂ ಸೂಕ್ಷ್ಮ. ಕಡೆ ಮತ್ತು ಕಣ್ ಸೇರಿ ಕಡೆಗಣ್, ಶಾಲೆಯಲ್ಲಿ ಕಲಿತ ಆದೇಶ ಸಂಧಿ. ಕಣ್ಣಿನ ತುದಿಯಿಂದ ನೋಡಿ ಬಿಟ್ಟುಬಿಡುವುದು. ಅಂದರೆ ಕಾಣದವನು ಕಡೆಗಣಿಸಲಾರ, ಕಂಡಿರಲೇಬೇಕು. ನೋವಿರುವುದು ಅಲ್ಲಿಯೇ.

ಈಗ ಪತ್ರಿಕೆ ತೆರೆದರೆ ಚುನಾವಣೆಯಲ್ಲಿ ಸೋತ ಪಕ್ಷಕ್ಕೆ ಮುಖಭಂಗ, ಸರಣಿ ಕಳೆದುಕೊಂಡ ತಂಡಕ್ಕೂ ಮುಖಭಂಗ. ನನಗಿದು ಒಪ್ಪಿಗೆಯಿಲ್ಲ. ಸೋಲು ಬೇರೆ. ಮುಖಭಂಗವಾಗಲು ನಂಬಿ ಹೋಗಿರಬೇಕು, ನಾಲ್ಕು ಜನರೂ ನೋಡುತ್ತಿರಬೇಕು.

ದ್ರೋಣನಿಗೆ ಆದದ್ದು ಅದು. ಪಂಪ 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ಈ ಪ್ರಸಂಗವನ್ನು ಚಿತ್ರಿಸಿದ್ದಾನೆ. ಬಡತನದಿಂದ ಕಂಗೆಟ್ಟ ದ್ರೋಣ, ಬಾಲ್ಯದಲ್ಲಿ ಜೊತೆಗೆ ಕಲಿತ ದ್ರುಪದನನ್ನು ಹುಡುಕಿಕೊಂಡು ಹೋಗುತ್ತಾನೆ. ನಿನ್ನ ಗೆಳೆಯ ಬಂದಿದ್ದಾನೆಂದು ಹೇಳಿ ಕಳಿಸುತ್ತಾನೆ. ಅಂಥವನು ನನಗೆ ಗೊತ್ತೇ ಇಲ್ಲವೆಂದು ಬರುತ್ತದೆ ಉತ್ತರ. ತುಂಬಿದ ಸಭೆಯಲ್ಲೂ ಅದೇ ಮಾತು. ದ್ರುಪದ ಏನೂ ಕೊಡದಿದ್ದರೂ ದ್ರೋಣ ಸಹಿಸುತ್ತಿದ್ದನೋ ಏನೋ. ಆದರೆ ಅವನು ಗುರುತನ್ನೇ ಅಲ್ಲಗಳೆದ.

ಮುಂದಿನದು ನಿಮಗೆ ಗೊತ್ತು. ದ್ರೋಣ ಶಿಷ್ಯ ಅರ್ಜುನನಿಂದ ದ್ರುಪದನನ್ನು ಕಟ್ಟಿಸಿ ತರಿಸಿದ. ಈಗ ಮುಖ ಮುರಿದದ್ದು ದ್ರುಪದನದು. ಅವನು ಯಜ್ಞ ಮಾಡಿ, ದ್ರೋಣನನ್ನು ಕೊಲ್ಲಲೆಂದೇ ಮಗನನ್ನು ಪಡೆದ. ಕುರುಕ್ಷೇತ್ರದಲ್ಲಿ ದ್ರುಪದನನ್ನು ದ್ರೋಣ ಕೊಂದ, ದ್ರೋಣನ ತಲೆಯನ್ನು ಆ ಮಗ ಧೃಷ್ಟದ್ಯುಮ್ನ ಕತ್ತರಿಸಿದ. ಅಷ್ಟು ಹೊತ್ತಿಗೆ ಇಬ್ಬರ ಗಡ್ಡವೂ ಬೆಳ್ಳಗಾಗಿತ್ತು.