ಬಾಣಂತನ ಮಾಡುವವರು

ಕನ್ನಡದಲ್ಲಿ ಹೆರುವವಳು ಒಬ್ಬಳು, ಬಾಣಂತನ ಮಾಡುವವಳು ಇನ್ನೊಬ್ಬಳು. ಹೆತ್ತವಳಿಗೆ ಬಾಣಂತನ ಆಗುತ್ತದೆ. ಅದನ್ನು ಅವಳೇ ಮಾಡಿಕೊಂಡಳು ಎಂದರೆ ಕೇಳಿದವರು ‘ಅಯ್ಯೋ ಪಾಪ, ಯಾರೂ ಇರಲಿಲ್ವಾ?’ ಎನ್ನುತ್ತಾರೆ. ‘ಮಗಳ ಬಾಣಂತನಕ್ಕ ಹೊಂಟೀನ್ರೀ’ ಎಂದು ಹುಬ್ಬಳ್ಳಿಯ ಬಸ್ಸಿನಲ್ಲಿ ಪಕ್ಕದ ಹೆಂಗಸು ಹೇಳಿದರೆ ಆಕೆಯ ಮುಂದಿನ ಮೂರು ತಿಂಗಳ ಹಗಲು ರಾತ್ರಿಗಳೆಲ್ಲ ಆ ಒಂದು ಮಾತಿನಲ್ಲಿ ಬಂದುಬಿಡುತ್ತವೆ. ಚೊಚ್ಚಲ ಹೆರಿಗೆಯಾದರೆ ಮಗಳೇ ತವರಿಗೆ ಬಂದಿರುತ್ತಾಳೆ. ಅಮೆರಿಕದಲ್ಲಿರುವ ಮಗಳಾದರೆ ತಾಯಿಯೇ ಅಲ್ಲಿಗೆ ಹೋಗುತ್ತಾಳೆ, ಪ್ರವಾಸಿ ವೀಸಾದ ಮೇಲೆ, ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯ, ಶುಂಠಿ ಪುಡಿ, ಅಂಟಿನುಂಡೆ ತುಂಬಿಕೊಂಡು.

ಮರಾಠಿಯ ‘ಬಾಳಂತೀಣ’ ನಮ್ಮ ‘ಬಾಣಂತಿ’ಗೆ ಹತ್ತಿರದ ನಂಟು. ನಮ್ಮಲ್ಲಿ ಈ ಪದದ ಸಂಸಾರ ದೊಡ್ಡದು. ಹಸಿ ಬಾಣಂತಿ, ಬಾಣಂತಿ ಕೋಣೆ, ಬಾಣಂತಿ ಖಾರ, ಬಾಣಂತಿ ನಂಜು, ಬಾಣಂತಿ ಸನ್ನಿ. ಕನಕಪುರದ ಬಳಿ ಒಂದು ಬೆಟ್ಟಕ್ಕೇ ಬಾಣಂತಿಮಾರಿ ಬೆಟ್ಟ ಎಂಬ ಹೆಸರಿದೆ. ಇವುಗಳಲ್ಲಿ ‘ಹಸಿ’ ಎಂಬ ಮಾತು ನನಗೆ ಬಹಳ ಮುಖ್ಯ. ಹಸಿ ಗೋಡೆ, ಹಸಿ ಗಾಯ ಎನ್ನುವಾಗಿನ ಹಸಿಯೇ ಇದು. ಹೆತ್ತ ಮೈ ಇನ್ನೂ ಮಾಯಬೇಕಾದ ಮೈ ಎಂದು ಯಾವ ವೈದ್ಯರೂ ಹೇಳುವ ಮುನ್ನವೇ ಮನೆಯ ಹೆಂಗಸರಿಗೆ ತಿಳಿದಿತ್ತು.

ಆ ತಿಳಿವಳಿಕೆ ಬಚ್ಚಲುಮನೆಯಲ್ಲಿ ಕಾಣುತ್ತದೆ. ಬೆಳಗ್ಗೆಯೇ ಹಂಡೆ ಒಲೆಯ ಮೇಲೆ. ಎಣ್ಣೆ ಕಾಯಿಸಿ ನೆತ್ತಿಗೆ ತಟ್ಟಿ, ಬೆನ್ನು, ಸೊಂಟ, ಮೀನಖಂಡಗಳಿಗೆ ತಿಕ್ಕಿ, ಮೈ ತಾಳುವಷ್ಟು ಬಿಸಿ ನೀರನ್ನು ಚೊಂಬಿನಿಂದ ಸೊಂಟಕ್ಕೆ ರಭಸವಾಗಿ ಎರೆಯುತ್ತಾರೆ. ಎರೆಯುವವಳ ಸೆರಗೆಲ್ಲ ಒದ್ದೆ. ಆಮೇಲೆ ಕೆಂಡದ ಮೇಲೆ ಸಾಂಬ್ರಾಣಿ, ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಹಾಕಿ ಕೂದಲಿಗೆ ಹೊಗೆ ಹಿಡಿದು, ಹಳೆಯ ನೂಲಿನ ಸೀರೆಯನ್ನು ಹೊಟ್ಟೆಗೆ ಬಿಗಿದು, ಕಂಬಳಿ ಹೊದಿಸಿ ಮಲಗಿಸುತ್ತಾರೆ. ಎದ್ದರೆ ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ. ಉತ್ತರ ಕರ್ನಾಟಕದಲ್ಲಾದರೆ ಅಳವಿ ಪಾಯಸ, ಮತ್ತೆ ಆ ಅಂಟಿನುಂಡೆ. ತುಪ್ಪದಲ್ಲಿ ಅರಳಿದ ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ. ಕಟ್ಟುವವಳ ಅಂಗೈ ಸುಡುತ್ತಿರುತ್ತದೆ, ಪಾಕ ಆರಿದರೆ ಉಂಡೆ ನಿಲ್ಲುವುದಿಲ್ಲವಲ್ಲ.

ಶಾಸ್ತ್ರಗಳಲ್ಲಿ ಹೆಚ್ಚಿನವು ಕೂಸಿನವು. ಆರನೆಯ ರಾತ್ರಿ ಸಟವಿ ಬಂದು ಬರೆಯುವುದು ಕೂಸಿನ ಹಣೆಬರಹ, ತೊಟ್ಟಿಲು ಕೂಸಿನದು, ಹೆಸರೂ ಕೂಸಿನದೇ. ಗಂಗೆಪೂಜೆ ಮಾತ್ರ ತಾಯಿಯದು. ದಿನ ತುಂಬಿದ ಮೇಲೆ ಬಾಣಂತಿ ಬಾವಿಯ ಕಟ್ಟೆಗೆ ಅರಿಸಿನ ಕುಂಕುಮ ಹಚ್ಚಿ ನೀರು ಸೇದಿ ಒಳಗೆ ತರುತ್ತಾಳೆ. ಬಾವಿಯಿಲ್ಲದ ಊರುಗಳಲ್ಲಿ ನಲ್ಲಿಗೇ ಪೂಜೆ. ಅಂದಿನಿಂದ ಅವಳು ಮತ್ತೆ ಮನೆಗೆಲಸಕ್ಕೆ ಸೇರಿದವಳು.

ಈ ಪದವನ್ನು ಹೊಗಳಿಯೇ ಮುಗಿಸಲು ನನಗೆ ಮನಸ್ಸಾಗುವುದಿಲ್ಲ. ಬಾಣಂತಿಗೆ ನೀರು ಕೊಡಬಾರದೆಂಬ ಕಟ್ಟುಪಾಡು ಇನ್ನೂ ಎಷ್ಟೋ ಮನೆಗಳಲ್ಲಿದೆ. ಹಾಲೂಡಿಸುವವಳಿಗೆ ನೀರು ಹೆಚ್ಚೇ ಬೇಕು. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚು, ಮೈಯಲ್ಲಿ ನೀರು ಕಡಿಮೆಯಾದರೆ ಅದು ಇನ್ನೂ ಏರುತ್ತದೆ. ಪುರುಡು, ಸೂತಕ ಎಂಬ ಪದಗಳೂ ಬಾಣಂತನದ ಪಕ್ಕದಲ್ಲೇ ಬಾಳಿವೆ. 2023ರ ಜುಲೈನಲ್ಲಿ ತುಮಕೂರಿನ ಬಳಿಯ ಗೊಲ್ಲರಹಟ್ಟಿಯೊಂದರಲ್ಲಿ, ಸೂತಕವೆಂದು ಹಟ್ಟಿಯಾಚೆಯ ಗುಡಿಸಲಲ್ಲಿ ಮಳೆ ಚಳಿಯ ನಡುವೆ ತಾಯಿಯೊಂದಿಗೆ ಇರಿಸಿದ್ದ ಹಸುಗೂಸು ಸತ್ತುಹೋಯಿತು. ಅದನ್ನು ಬಾಣಂತನ ಎಂದು ಕರೆಯಬಾರದು. ಮುಂದಿನ ವರ್ಷದ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದವರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ‘ಬಾಣಂತಿಯರ ಸಾವು’ ಎಂಬುದು ದಿನಪತ್ರಿಕೆಗಳ ನಿತ್ಯದ ತಲೆಬರಹವಾಯಿತು. ಕೂಸು ಉಳಿದು ಬಾಣಂತಿ ಇಲ್ಲವಾದ ಮನೆಯಲ್ಲಿ ಯಾರು ಯಾರಿಗೆ ಏನು ಮಾಡಬೇಕು?

‘ಬಾಣಂತಿ ಸನ್ನಿ’ ಎಂಬ ಮಾತನ್ನೂ ನೋಡಿ. ಹೆತ್ತವಳು ನಿದ್ದೆಗೆಟ್ಟು, ಏನೇನೋ ಮಾತಾಡಿ, ಕೂಸನ್ನೇ ದೂರ ತಳ್ಳುವುದುಂಟು ಎಂಬುದಕ್ಕೆ ಹಳ್ಳಿಯ ಕನ್ನಡದಲ್ಲಿ ಹೆಸರಿತ್ತು. ಹೆಸರಿದ್ದರೂ ಮದ್ದೆಂದರೆ ಹೆಚ್ಚಾಗಿ ಮಂತ್ರ, ತಾಯತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಇಂಥವರಿಗೆಂದೇ ತಾಯಿ ಮಗುವಿನ ವಿಭಾಗ ಶುರುವಾಯಿತು. ಅಲ್ಲಿ ಕೂಸನ್ನು ತಾಯಿಯಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುತ್ತಾರೆ. ಸಿಟ್ಟು, ಅಳು, ನಿದ್ದೆಗೇಡು ದಿನಗಟ್ಟಲೆ ಇಳಿಯದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯುವುದೂ ಬಾಣಂತನದ ಕೆಲಸವೇ.

ಸರ್ಕಾರಿ ಕನ್ನಡ ಮಾತ್ರ ಹೆರಿಗೆಯ ಹತ್ತಿರವೇ ನಿಂತುಬಿಡುತ್ತದೆ. ನಮ್ಮಲ್ಲಿರುವುದು ‘ಹೆರಿಗೆ ರಜೆ’. 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ಅದು 26 ವಾರ. ಹೆತ್ತವಳಿಗೆ ರಜೆ ಸಿಕ್ಕಿತು, ಸಿಗಲೇಬೇಕಿತ್ತು. ಬಾಣಂತನ ಮಾಡುವವರಿಗೆ? ಕೇಂದ್ರ ಸರ್ಕಾರದ ನೌಕರನಾದ ಗಂಡನಿಗೆ 15 ದಿನ. ಖಾಸಗಿ ಕೆಲಸದ ಗಂಡಂದಿರಿಗೆ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ. ಅದೇ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅನ್ನ, ಸಾರು, ಮೊಟ್ಟೆ, ಹಾಲು, ಚಿಕ್ಕಿ ಎಲ್ಲವೂ ಇತ್ತು. ಒಳ್ಳೆಯ ಊಟ. ಆದರೆ ಉಣ್ಣಲು ಅವಳೇ ಅಂಗನವಾಡಿಗೆ ನಡೆದು ಬರಬೇಕೆಂದರು. ಮಲೆನಾಡಿನ ಒಂಟಿಮನೆಯ ಬಾಣಂತಿ ಕೂಸನ್ನು ಹೊತ್ತು ಗುಡ್ಡ ಇಳಿದು ಹೇಗೆ ಬಂದಾಳು? ಬಾಣಂತನವೆಂದರೆ ಊಟ ಅವಳಿದ್ದಲ್ಲಿಗೆ ಹೋಗುವುದು.

ಐವತ್ತು ದಾಟಿದ ಹೆಂಗಸರನ್ನು ಕೇಳಿ ನೋಡಿ. ‘ನನ್ನ ಬಾಣಂತನ ಸರಿಯಾಗಿ ಆಗ್ಲಿಲ್ಲ ಕಣಮ್ಮ, ಅದಕ್ಕೇ ಈ ಸೊಂಟ’ ಎಂದು ಎಷ್ಟು ಜನ ಹೇಳುತ್ತಾರೆ! ಮಾಡದೆ ಹೋದವರ ಹೆಸರು ಅದರಲ್ಲಿ ಇರುವುದಿಲ್ಲ. ತಾಯಿ ತೀರಿಕೊಂಡಿರಬಹುದು, ಅತ್ತೆಮನೆಯವರು ಹದಿನೈದನೇ ದಿನಕ್ಕೇ ಗದ್ದೆಗೆ ಇಳಿಸಿರಬಹುದು, ಹೆಣ್ಣು ಹುಟ್ಟಿತೆಂದು ಮುಖ ತಿರುಗಿಸಿರಬಹುದು. ಮೂವತ್ತು ವರ್ಷವಾದರೂ ಮೈ ಅದನ್ನು ಮರೆತಿಲ್ಲ.

ಕೂಸು ನೋಡಲು ಹೋಗುವಾಗ ಜುಬ್ಬ, ಬೆಳ್ಳಿ ಬಟ್ಟಲು ಒಯ್ಯುತ್ತೇವೆ. ಇನ್ನು ಮುಂದೆ ಒಂದು ಹೊತ್ತಿನ ಬಿಸಿ ಅಡುಗೆಯನ್ನೂ ಒಯ್ಯಿರಿ. ಕೂಸನ್ನು ಒಂದು ತಾಸು ನೀವೇ ಎತ್ತಿಕೊಂಡು ಬಾಣಂತಿಯನ್ನು ಮಲಗಲು ಕಳಿಸಿ. ಬಾಣಂತನ ಮಾಡುತ್ತಿರುವ ಆಕೆಯ ತಾಯಿಯನ್ನೂ ಕಳಿಸಿ, ಅವರ ನಿದ್ದೆಯೂ ಕೆಟ್ಟಿರುತ್ತದೆ.