ಕಳವಿನ ಸ್ವತ್ತು ಮತ್ತು ಕಲ್ಯಾಣದ ನ್ಯಾಯ

ಕಳ್ಳನಿಗೆ ಶಿಕ್ಷೆಯಾದರೆ ನ್ಯಾಯ ಮುಗಿಯಿತೆಂದು ನಾವು ಭಾವಿಸುತ್ತೇವೆ. ಕಳೆದುಕೊಂಡವನ ಗತಿಯೇನೆಂಬ ಪ್ರಶ್ನೆ ಹಿಂದೆ ಬೀಳುತ್ತದೆ. ನಮ್ಮ ನಾಡಿನ ಪ್ರಾಚೀನರು ಅದನ್ನು ಮರೆತಿರಲಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದನು. ಆಸ್ತಿಯ ಪಾಲಿನ ವಿಷಯದಲ್ಲಿ ಈ ಗ್ರಂಥ ಸುಪ್ರಸಿದ್ಧ. ಕಳವಿನ ಪ್ರಕರಣವನ್ನು ಓದುವವರು ವಿರಳ. ಕದ್ದುದನ್ನು ಮೊದಲು ಕಳ್ಳನಿಂದ ಹಿಂದಕ್ಕೆ ಕೊಡಿಸಬೇಕು, ದಂಡನೆ ಆಮೇಲಿನದು ಎಂಬುದು ಸ್ಮೃತಿಯ ವಿಧಿ. ಕಳ್ಳರು ಒಯ್ದ ದ್ರವ್ಯವನ್ನು ಅರಸನು ಪ್ರಜೆಗೆ ಕೊಡತಕ್ಕದ್ದು. ಕಳ್ಳನು ಊರು ಬಿಟ್ಟುಹೋದ ಗುರುತು ಕಾಣದಿದ್ದರೆ ದೋಷ ಊರೊಡೆಯನದು. ಎಷ್ಟು ದೊಡ್ಡ ಮಾತು! ಆದರೆ ಅದೇ ವಿಧಿಯು ಕಳ್ಳನಿಗೆ ವಧೆಯನ್ನು ಹೇಳಿ, ಬ್ರಾಹ್ಮಣನಾದರೆ ಗುರುತು ಹಾಕಿ ದೇಶದಿಂದ ಹೊರಡಿಸಿದರೆ ಸಾಕೆನ್ನುತ್ತದೆ.

ಅದೇ ಕಲ್ಯಾಣದಲ್ಲಿ ಕೆಲವು ದಶಕಗಳ ಅನಂತರ ಶರಣರು ಬೇರೊಂದು ದಾರಿ ಹಿಡಿದರು. ಆಕಳುಗಳನ್ನು ಕದ್ದವರ ಬಳಿಗೆ ಬಸವಣ್ಣನವರು ಕರುಗಳನ್ನೂ ಅಟ್ಟಿಸಿದರೆಂಬ ಕಥೆ ಸರ್ವವಿದಿತ. ಕನ್ನಗಳ್ಳನಾಗಿದ್ದ ಮಾರಿತಂದೆ ವಚನಕಾರನಾದನು; ಕಳ್ಳನಾಗಿದ್ದ ಉರಿಲಿಂಗಪೆದ್ದಿ ಗುರುವಿನ ಪೀಠವನ್ನೇ ಏರಿದನು. ಇವು ಐತಿಹ್ಯಗಳು, ಶಾಸನಗಳಲ್ಲ. ಮತ್ತೊಂದು ಮಾತು: ಬಸವಣ್ಣನವರು ಕ್ಷಮಿಸಿದ್ದು ತಮ್ಮ ಆಕಳುಗಳ ಕಳವನ್ನು. ಪರರ ನಷ್ಟವನ್ನು ಕ್ಷಮಿಸುವುದು ಸುಲಭ, ಅದು ಔದಾರ್ಯವಲ್ಲ.

ರಾಯಚೂರು ಸೀಮೆಯ ಗುಂಜಹಳ್ಳಿಯಲ್ಲಿ ನಾವು ಬಾಲ್ಯದಲ್ಲಿ ಕಂಡದ್ದುಂಟು. ಕಣದಿಂದ ಜೋಳ ಕದ್ದವನನ್ನು ಹಿರಿಯರು ಕಟ್ಟೆಗೆ ಕರೆಸಿ, ಅಷ್ಟನ್ನೂ ಒಡೆಯನ ಎದುರಿಗೆ ಅಳೆಸಿದರು. ಠಾಣೆಗೆ ಯಾರೂ ಹೋಗಲಿಲ್ಲ. ಮರುದಿನವೇ ಅವನು ಅದೇ ಹೊಲಕ್ಕೆ ಕೂಲಿಗೆ ಹೋದನು. ಬಹುಕಾಲ ಇದನ್ನು ಉತ್ತಮ ನ್ಯಾಯವೆಂದೇ ನಂಬಿದ್ದೆವು. ಆದರೆ ಬಡವರ ಹೊಲದ ಬದುವನ್ನು ಒತ್ತಿದ ಸಿರಿವಂತನನ್ನು ಆ ಕಟ್ಟೆಗೆ ಕರೆದುದನ್ನು ನಾವು ಕಾಣಲಿಲ್ಲ.

1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ ಇಪ್ಪತ್ತೆರಡು ಕಡೆ ಹಾನಿ ಮಾಡಿದ ಇಬ್ಬರು ತರುಣರನ್ನು, ಹಾನಿಗೊಳಗಾದವರ ಮನೆಬಾಗಿಲಿಗೇ ಕಳುಹಿಸಿ ಲೆಕ್ಕ ಕೇಳಿಸಿ, ನಷ್ಟ ತುಂಬಿಸಲಾಯಿತು. ಅಲ್ಲಿ ಕಟ್ಟೆಯ ಹಿಂದೆ ನ್ಯಾಯಾಲಯವಿತ್ತು. ಬಲಿಷ್ಠರ ಕೃಪೆಯನ್ನು ಕಾಯಬೇಕಿರಲಿಲ್ಲ.

ನಮ್ಮಲ್ಲಿ 1860ರ ದಂಡಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರ 303ನೆಯ ಕಲಮಿನಂತೆ ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಸ್ವತ್ತನ್ನು ಕದ್ದು, ಮೊದಲ ಬಾರಿಗೆ ತಪ್ಪಿತಸ್ಥನಾದವನು ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಸೆರೆಮನೆಯ ಬದಲು ಸಮುದಾಯ ಸೇವೆಯೇ ಶಿಕ್ಷೆ. ಮಿತಾಕ್ಷರೆಯ ಮೊದಲ ಅರ್ಧ ಮರಳಿ ಬಂದಂತಾಯಿತು. ಕಳೆದುಕೊಂಡವನನ್ನು ಕರೆಸಿ, ಅವನ ಮಾತನ್ನೂ ಕೇಳಬೇಕೆಂದು ಆ ಕಲಮು ಹೇಳುವುದಿಲ್ಲ.